ಪಟೇಲರಲ್ಲ, ಪಟೆಲ್ಲಾ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಕಾಫಿ ಒಣಹಾಕುವ ಕಣದಲ್ಲಿ ಜಾರಿ ಬಿದ್ದೆ. ಮಂಡಿ ನೆಲಕ್ಕೆ ಬಡಿದು, ಏಳಲು ಆಗಲೇ ಇಲ್ಲ. ನಮ್ಮ ಎಸ್ಟೇಟಿನ ಮೇಸ್ತ್ರಿ ಶಾರದಕ್ಕ ಓಡಿ ಬಂದು ನನ್ನನ್ನು ಜೀಪಿಗೆ ಹತ್ತಿಸಿದರು. ಬಾಳೂರಿನಿಂದ ಮೂಡಿಗೆರೆವರೆಗೆ ಒಂದೊಂದು ತಿರುವಿನಲ್ಲೂ ನನ್ನ ಕಾಲು ಅಲುಗದಂತೆ ತೊಡೆಯ ಮೇಲಿಟ್ಟು ಹಿಡಿದುಕೊಂಡೇ ಕೂತಿದ್ದರು.

ಡಾಕ್ಟರ್ ಎಕ್ಸ್‌ರೇ ನೋಡಿ, “ಪಟೆಲ್ಲಾಗೆ ಪೆಟ್ಟಾಗಿದೆ” ಎಂದರು.

ಶಾರದಕ್ಕ ಗಾಬರಿಯಾದರು. “ಪಟೇಲ್ರಿಗೆ ಎಂಥ ಆಯ್ತು ಡಾಕ್ಟ್ರೇ? ಬೆಳಿಗ್ಗೆ ಹಾಲಿನ ಡೈರಿ ಹತ್ರ ಚೆನ್ನಾಗೇ ಇದ್ರಲ್ಲ.” ನಮ್ಮೂರಿನ ಹಿರಿಯರೊಬ್ಬರನ್ನು ಎಲ್ಲರೂ ಪಟೇಲರು ಎಂದೇ ಕರೆಯುವುದು.

ಡಾಕ್ಟರ್ ನಗು ತಡೆದುಕೊಂಡು ತಮ್ಮ ಮಂಡಿಯನ್ನೇ ಮುಟ್ಟಿ ತೋರಿಸಿದರು. “ಈ ಮೂಳೆ ಹೆಸರಮ್ಮ ಅದು. ಲ್ಯಾಟಿನ್ ಭಾಷೆಯಲ್ಲಿ ಪಟೆಲ್ಲಾ ಅಂದ್ರೆ ಸಣ್ಣ ತಟ್ಟೆ. ನೋಡೋಕೆ ಹಾಗೇ ಇದೆ ಅಂತ ಆ ಹೆಸರಿಟ್ರು.”

ಶಾರದಕ್ಕ ಸ್ವಲ್ಪ ಯೋಚಿಸಿದರು. “ನಾವು ಮಂಡಿಚಿಪ್ಪು ಅಂತೀವಿ. ಅವ್ರು ತಟ್ಟೆ ಅಂದ್ರು, ನಾವು ಚಿಪ್ಪು ಅಂದ್ವಿ. ಒಡೆಯೋ ಸಾಮಾನು ಅಂತ ಇಬ್ಬರಿಗೂ ಗೊತ್ತಿತ್ತು.”

ಆ ನೋವಿನಲ್ಲೂ ನಾನು ನಕ್ಕುಬಿಟ್ಟೆ. ಸಣ್ಣ ಬಿರುಕು ಮಾತ್ರ, ಆಪರೇಷನ್ ಬೇಡವಂತೆ. ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಿದ್ದೇನೆ. ಶಾರದಕ್ಕ ಗಂಜಿ ಮಾಡಿಟ್ಟು ಈಗಷ್ಟೇ ಹೋದರು.

ಕಣದ ಅಂಚಿನಲ್ಲಿ ಪಾಚಿ ಕಟ್ಟಿದೆ, ಆ ಕಡೆ ಹೋಗಬೇಡಿ ಎಂದು ನಿನ್ನೆ ಎರಡು ಸಲ ಹೇಳಿದ್ದವರು ಇವರೇ. ಇವತ್ತು ಇಡೀ ದಿನ ಜೊತೆಗಿದ್ದರೂ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಯಾರಾದರೂ ಎತ್ತಲೇಬೇಕಲ್ಲ, ಅದಕ್ಕೆ ನಾನೇ ಇಲ್ಲಿ ಬರೆಯುತ್ತಿದ್ದೇನೆ.