ಕರೆಂಟ್ ಹೋದಾಗ ಬರುವ ಮರೆವು

ನಾನು ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳು ಆಕಳಿಸುತ್ತ ಕೇಳುವ ಸಂಗತಿಗಳನ್ನು ನಮ್ಮತ್ತೆ ಕಣ್ಣರಳಿಸಿ ಕೇಳುತ್ತಾರೆ. ಹಾಗಾಗಿ ಸ್ಕೂಲಿನಲ್ಲಿ ದಂಡವಾದದ್ದನ್ನೆಲ್ಲ ರಾಮನಗರದ ಮನೆಗೆ ತಂದು ಅವರ ಮುಂದೆ ಹೇಳುವುದು ನನಗೆ ರೂಢಿ. ಉತ್ತರದ ಹಿಮಗಡಲಿನಲ್ಲಿ ಒಂದು ಜಾತಿಯ ಶಾರ್ಕ್ ಇದೆ, ನೂರಾರು ವರ್ಷ ಬದುಕುತ್ತದೆ, ಮರಿ ಹಾಕುವ ವಯಸ್ಸಿಗೆ ಬರಲಿಕ್ಕೇ ಅದಕ್ಕೆ ಸುಮಾರು ನೂರೈವತ್ತು ವರ್ಷ ಬೇಕಂತೆ ಎಂದು ಹೇಳಿದ ದಿನ ಅವರು ಅವರೆಕಾಯಿ ಬಿಡಿಸುವ ಕೈ ನಿಲ್ಲಿಸಿದರು.

"ಅಷ್ಟ್ ವರ್ಷ ಮಗಳನ್ನ ಮನೇಲಿಟ್ಕಂಡ್ರೆ ನೆಂಟ್ರು ಸುಮ್ನಿರ್ತಾರಾ?"

"ನೆಂಟ್ರಿಲ್ಲ ಅತ್ತೆ ಅಲ್ಲಿ. ಅದಕ್ಕೇ ಅಷ್ಟು ವರ್ಷ ಬದುಕ್ತವೆ" ಎಂದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಈ ಅತ್ತೆ ಇಲ್ಲದಿದ್ದರೆ ನಾನು ಟೀಚರ್ ಆಗುತ್ತಿರಲಿಲ್ಲ. ನನ್ನ ತವರು ಕಲ್ಯದಿಂದ ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಓದು ಅರ್ಧಕ್ಕೆ ನಿಂತಿತ್ತು. ನನ್ನ ಕೂಸನ್ನು ತಮ್ಮ ಸೊಂಟದ ಮೇಲೆ ಕೂರಿಸಿಕೊಂಡು ನನ್ನನ್ನು ಕಾಲೇಜಿನ ಬಸ್ಸಿಗೆ ಹತ್ತಿಸಿದವರು ಅವರು. ಅತ್ತೆ ಸೊಸೆಯರ ಜಗಳ ಕೇಳಲು ಬರುವವರಿಗೆ ನಮ್ಮ ಮನೆಯಲ್ಲಿ ಕಾಫಿ ಮಾತ್ರ ಸಿಗುತ್ತದೆ.

ನಮ್ಮದು ರೇಷ್ಮೆ ನೂಲನ್ನು ಹುರಿ ಮಾಡುವ ಕಸುಬು. ಮಷಿನ್‌ಗಳ ಶೆಡ್ಡಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಬೆಳಗಿನಿಂದ ಅದೇ ಭರ್ರೋ ಸದ್ದು. ಮಷಿನ್ ಓಡುವಾಗ ಇಲ್ಲಿ ಯಾರೂ ಬೆನ್ನು ತಿರುಗಿಸಿಕೊಂಡು ಮಾತಾಡುವುದಿಲ್ಲ. ಎದುರಿಗೆ ಬಂದು, ಬಾಯಿ ದೊಡ್ಡದು ಮಾಡಿ, ಅರ್ಧ ಮಾತನ್ನು ಕೈಯಲ್ಲೇ ಹೇಳುತ್ತೇವೆ. ಕರೆಂಟ್ ಹೋದರೆ ಮಾತ್ರ ಇದ್ದಲ್ಲಿಂದಲೇ ಮೆಲ್ಲಗೆ ಮಾತಾಡುವ ಸುಖ.

ಹೋದ ವರ್ಷ ಅತ್ತೆಯ ಮರೆವು ಶುರುವಾದದ್ದು ಆ ಸುಖದ ಹೊತ್ತಿನಲ್ಲೇ. ಹಾಲಿನ ಉರಿ ಸಣ್ಣ ಮಾಡಿ ಎಂದು ನಡುಮನೆಯಿಂದ ಹೇಳಿದರೆ ಹಾಲು ಉಕ್ಕಿಯೇ ಹೋಗುತ್ತಿತ್ತು. ಶನಿವಾರ ಕೆಂಗಲ್ಲಿನ ಗುಡಿಗೆ ಹೋಗೋಣ ಎಂದು ಕರೆಂಟಿಲ್ಲದ ಶುಕ್ರವಾರ ಸಂಜೆ ಹೇಳಿದ್ದೆವು; ಬೆಳಿಗ್ಗೆ ನಾವು ಹೊರಟು ನಿಂತರೆ ಅವರು ಒಗೆಯುವ ಬಟ್ಟೆ ನೆನೆಹಾಕಿ ಕೂತಿದ್ದರು. ಮಷಿನ್ ಓಡುವಾಗ ಮಾತ್ರ ಎಲ್ಲವೂ ಸರಿ.

"ಕರೆಂಟ್ ಹೋದ್ರೆ ಅವ್ವನ ತಲೇನೂ ಆಫ್ ಆಯ್ತದೆ" ಎಂದು ನನ್ನ ಗಂಡ ನಗಲು ನೋಡಿದರು. ನನಗೆ ಮೈಯೆಲ್ಲ ಉರಿಯಿತು. ಬೈರಾಪಟ್ಟಣದ ನಾದಿನಿ ಬಂದವಳು, "ಇದು ಅರಳುಮರುಳು ಕಣತ್ತಿಗೆ. ಒಲೆ ತಾವ ಬಿಡ್ಬೇಡಿ" ಎಂದು ತೀರ್ಪು ಕೊಟ್ಟು ಹೋದಳು. ಒಲೆಯ ಕೆಲಸ ಅತ್ತೆಯ ಕೈತಪ್ಪಿತು. ಅವರು ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂತರು.

ಚರ್ಮ ಹೊಸದಾಗುತ್ತಲೇ ಇರುತ್ತದೆ, ಮಿದುಳಿನ ಜೀವಕೋಶಗಳು ಮಾತ್ರ ಬಹುಪಾಲು ಚಿಕ್ಕಂದಿನಲ್ಲಿ ಬಂದವೇ ಕೊನೆಯವರೆಗೂ ಇರುತ್ತವೆ ಎಂದು ಕ್ಲಾಸಿನಲ್ಲಿ ಎಷ್ಟು ಉತ್ಸಾಹದಿಂದ ಹೇಳುತ್ತಿದ್ದೆ. ಈಗ ಆ ಪಾಠ ಬಂದರೆ ಬೇಗ ಬೇಗ ಓದಿ ಪುಟ ತಿರುವುತ್ತಿದ್ದೆ. ನನ್ನ ಅತ್ತೆ ನನ್ನನ್ನೇ ಮರೆತುಬಿಡುತ್ತಾರೆ ಎಂಬ ಭಯ. ನೂರಾರು ವರ್ಷ ಬದುಕುವ ಆ ಶಾರ್ಕ್‌ಗಳ ಮೇಲೆ ಸುಮ್ಮಸುಮ್ಮನೆ ಹೊಟ್ಟೆಕಿಚ್ಚು ಪಟ್ಟೆ.

ಹಾಗಿರುವಾಗ ನನಗೆ ಜೋರು ಶೀತವಾಯಿತು. ಅತ್ತೆಗೆ ಅಂಟದಿರಲಿ ಎಂದು ಮಾಸ್ಕ್ ಹಾಕಿಕೊಂಡೇ ಮನೆಗೆ ಬಂದೆ. ಪಕ್ಕದಲ್ಲಿ ಮಷಿನ್‌ಗಳು ಓಡುತ್ತಿದ್ದವು. ಅತ್ತೆಯ ಎದುರಿಗೇ ನಿಂತು, ಊಟ ಆಯ್ತಾ ಎಂದು ಕೂಗಿ ಕೇಳಿದೆ. ಅವರು ನನ್ನ ಮಾಸ್ಕನ್ನೇ ನೋಡಿದರು. ಮತ್ತೆ ಕೂಗಿದೆ. ಅವರು ಎದ್ದು ಬಂದು ನನ್ನ ಮಾಸ್ಕನ್ನು ಗಲ್ಲದ ಕೆಳಕ್ಕೆ ಎಳೆದರು.

"ಬಾಯ್ ಮುಚ್ಕಂಡ್ರೆ ನಂಗೆಂಗವ್ವಾ ಕೇಳ್ಸೋದು?"

ನನಗೆ ಆಗ ಹೊಳೆಯಿತು. ಎಷ್ಟೋ ವರ್ಷಗಳಿಂದ ಕಿವಿ ಮೆಲ್ಲಮೆಲ್ಲಗೆ ಮಂದವಾಗುತ್ತ ಬಂದಂತೆ ಅವರು ನಮ್ಮ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಎಲ್ಲರೂ ಎದುರಿಗೆ ಬಂದು ಬಾಯಿ ಅಗಲಿಸಿ ಮಾತಾಡುವ ಮನೆಯಲ್ಲಿ ಒಬ್ಬರಿಗೆ ಕಿವಿ ಹೋದದ್ದು ಯಾರಿಗೆ ಗೊತ್ತಾಗಬೇಕು? ಅವರಿಗೇ ಗೊತ್ತಿರಲಿಲ್ಲ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಮಷಿನ್ ಸದ್ದಿನಲ್ಲಿ ಬದುಕಿದವರಿಗೆ ಇದು ಹೊಸದಲ್ಲ ಎಂದರು. ನನ್ನನ್ನು ಬೆಚ್ಚಿಬೀಳಿಸಿದ್ದು ಅವರ ಮುಂದಿನ ಮಾತು. ಕಿವಿ ಮಂದವಾದದ್ದನ್ನು ಹಾಗೇ ಬಿಟ್ಟರೆ ಮುಂದೆ ನಿಜವಾದ ಮರೆವಿನ ಕಾಯಿಲೆ ಬರುವ ಸಂಭವ ಹೆಚ್ಚು. ಮಾತು ಕೇಳುತ್ತ, ಜನರ ಜೊತೆ ಬೆರೆಯುತ್ತ ಇರುವುದು ಮಿದುಳಿಗೆ ಒಳ್ಳೆಯದು ಎಂದರು. ಅತ್ತೆಯನ್ನು ಹಿತ್ತಿಲ ಮೆಟ್ಟಿಲಿಗೆ ಅಟ್ಟಿ ನಾವು ತದ್ವಿರುದ್ಧವಾದದ್ದನ್ನೇ ಮಾಡಿದ್ದೆವು. ಆ ಡಾಕ್ಟರಿಗೂ, ಮಾಸ್ಕ್ ಹಾಕಿಸಿದ ಆ ಹಾಳು ಶೀತಕ್ಕೂ ನಾನು ಇವತ್ತಿಗೂ ಋಣಿ.

ಅತ್ತೆ ಕಿವಿಗೆ ಮಷಿನ್ ಹಾಕಿಸಿಕೊಂಡು ಬಂದ ಸಂಜೆ ಕರೆಂಟ್ ಹೋಯಿತು. ಶೆಡ್ಡು ಗಪ್ಪೆಂದಿತು. ನನ್ನ ಗಂಡ ನಡುಮನೆಯಲ್ಲಿ ಬೆನ್ನು ತಿರುಗಿಸಿ ಕೂತು, ಎಂದಿನ ಮೆಲುದನಿಯಲ್ಲಿ, "ಒಸಿ ಕಾಫಿ ಸಿಕ್ಕಿದ್ರೆ ಚೆನ್ನಾಗಿತ್ತು" ಎಂದರು.

"ತತ್ತೀನಿ ಇರ್ಲಾ" ಎಂದು ಹಿತ್ತಿಲಿನಿಂದ ದನಿ ಬಂತು.

ಅತ್ತೆ ಒಳಗೆ ಬಂದರು. ಅವರ ಕಣ್ಣು ತುಂಬಿತ್ತು. ನನ್ನ ಕೈ ಹಿಡಿದು ಹೇಳಿದರು.

"ಕರೆಂಟ್ ಹೋದಾಗ್ಲೂ ಮಾತಾಡ್ತಿದ್ರಾ ನೀವು? ಸದ್ದು ನಿಂತ್ರೆ ನನ್ ಜೊತೆ ಯಾರೂ ಮಾತಾಡಲ್ಲ, ನಾನೇನೋ ತಪ್ಪು ಮಾಡ್ಬುಟ್ಟಿದ್ದೀನಿ ಅಂತ ಅನ್ಕಂಡಿದ್ದೆ."