ನೇಕಾರ ನಗರದ ಕಮಾನೂ ಸಕ್ರವ್ವನ ಕಾಲೂ

ಇಳಕಲ್ಲಿನ ಬಾವಿ ಓಣಿಯನ್ನು ಯಾರೂ ಯೋಜನೆ ಹಾಕಿ ಕಟ್ಟಿರಲಿಲ್ಲ. ಅದಕ್ಕೇ ಅದು ಚೆನ್ನಾಗಿತ್ತು. ಒಂದು ತುದಿಗೆ ಬಣ್ಣ ಹಾಕುವವರ ಮನೆ, ಇನ್ನೊಂದು ತುದಿಗೆ ಮಕ್ಕಳ ಸಾಲಿ, ನಡುವೆ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಮೂವತ್ತೆರಡು ಮಗ್ಗ. ಓಣಿಯ ಉದ್ದಕ್ಕೂ ಹೋಗಿ ಬರಲು ಬಾಯೊಳಗಿನ ಒಂದು ಎಲೆ ಅಡಿಕೆ ಸಾಕಾಗುತ್ತಿತ್ತು.

ಈ ಲೆಕ್ಕ ಸಕ್ರವ್ವನದು. ಆಕೆ ಕೊಂಡಿ ಹಾಕುವವಳು. ಇಳಕಲ್ ಸೀರೆಗೆ ಮೈ ಬೇರೆ, ಸೆರಗು ಬೇರೆ. ಮೈಗೆ ಹತ್ತಿಯ ಉದ್ದೆಳೆಗಳ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡನ್ನೂ ಮಗ್ಗದ ಮೇಲೆಯೇ ಎಳೆಗೆ ಎಳೆ ಸಿಕ್ಕಿಸಿ ಒಂದು ಮಾಡಬೇಕು, ಅದೂ ಪ್ರತಿ ಸೀರೆಗೂ ಹೊಸದಾಗಿ. ಆ ಕೂಡಿಕೆಯೇ ಕೊಂಡಿ. ಸೊಂಟದಲ್ಲಿ ಎಲೆ ಅಡಿಕೆಯ ಚಂಚಿ, ಕೈಯಲ್ಲಿ ಬೂದಿಯ ಡಬ್ಬಿ. ಸಕ್ರವ್ವ ಬೆರಳಿಗೆ ಬೂದಿ ಹಚ್ಚಿ ಕೂತಳೆಂದರೆ ಎರಡೂವರೆ ತಾಸಿಗೆ ಎದ್ದಳು. ಎದ್ದವಳು ಹತ್ತು ಹೆಜ್ಜೆ ಹಾಕಿದರೆ ಮುಂದಿನ ಮಗ್ಗ. ದಿನಕ್ಕೆ ಮೂರು ಕೊಂಡಿ. ಗಂಡ ಸತ್ತ ಮೇಲೆ ಹದಿನಾರು ವರ್ಷ ಆಕೆಯ ರೊಟ್ಟಿ ಬಂದದ್ದು ಈ ಹತ್ತು ಹೆಜ್ಜೆಗಳ ದಾರಿಯಿಂದ.

೧೯೭೭ರಲ್ಲಿ ನೇಕಾರರ ಉದ್ಧಾರ ಶುರುವಾಯಿತು. ಉದ್ಧಾರಕರ ಹೆಸರು ಅಮಾತೆಪ್ಪ. ವಸತಿ ಸಂಘದ ಅಧ್ಯಕ್ಷರೂ ಅವರೇ, ಬಾವಿ ಓಣಿಯ ಅರ್ಧ ಬಾಡಿಗೆ ಮನೆಗಳ ಮಾಲೀಕರೂ ಅವರೇ. ಓಣಿಯ ಮನೆಗಳನ್ನು ಕೆಡವಿ ಅಂಗಡಿ ಸಾಲು ಎಬ್ಬಿಸುವ ಆಸೆ ಮಾಲೀಕರಿಗಿತ್ತು. ನೇಕಾರರಿಗೆ ಗಾಳಿ ಬೆಳಕು ಬೇಕೆಂಬ ಕನಿಕರ ಅಧ್ಯಕ್ಷರಿಗೆ ಬಂತು. ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತಿದ್ದರಿಂದ ಮಾತುಕತೆ ಬೇಗ ಮುಗಿಯಿತು. ಹುನಗುಂದದ ರಸ್ತೆಯಲ್ಲಿ, ಊರಿನಿಂದ ಮೂರು ಮೈಲಿ ಆಚೆ, ಜಾಲಿಯ ಬಯಲಿನಲ್ಲಿ ಮೂವತ್ತೆರಡು ಮನೆಗಳ 'ನೇಕಾರ ನಗರ' ಎದ್ದಿತು. ಯೋಜನೆ ಎಂದರೆ ಯೋಜನ ದೂರ ಇರಬೇಕೆಂದು ಯಾರೋ ಹೇಳಿಕೊಟ್ಟಂತಿತ್ತು. ಮೊದಲು ಕಟ್ಟಿದ್ದು ಕಮಾನು. ಅದರ ಮೇಲೆ ಅಧ್ಯಕ್ಷರ ಹೆಸರು, ಸೀರೆಯ ಸೆರಗಿಗಿಂತ ಅಗಲವಾಗಿ. ಅಂಗಡಿ, ಸಾಲಿ, ಗಿರಣಿಗಳಿಗೆ ನಕಾಶೆಯಲ್ಲಿ ಜಾಗವಿತ್ತು, ನೆಲದ ಮೇಲೆ ಇರಲಿಲ್ಲ. ಬಸ್ಸಿನ ನಿಲುಗಡೆ ನಕಾಶೆಯಲ್ಲೂ ಇರಲಿಲ್ಲ. ಅಧ್ಯಕ್ಷರಿಗೆ ಜೀಪಿತ್ತು. ಜೀಪಿದ್ದವನಿಗೆ ದೂರ ಒಂದು ದೂರೇ ಅಲ್ಲ.

ಮಗ್ಗಗಳು ಎತ್ತಿನ ಬಂಡಿ ಹತ್ತಿ ಹೋದವು. ಸಕ್ರವ್ವ ಹಿಂದೆ ಉಳಿದಳು. ಕೊಂಡಿ ಹಾಕುವವರನ್ನು ಸಂಘ ನೇಕಾರರೆಂದು ಲೆಕ್ಕಕ್ಕೆ ಹಿಡಿಯಲಿಲ್ಲ. ಓಣಿಯ ತುದಿಯಲ್ಲಿದ್ದ ಅವಳ ಸ್ವಂತದ ಮಣ್ಣಿನ ಮನೆಯನ್ನು ಅವಳು ಬಿಟ್ಟುಕೊಡಲೂ ಇಲ್ಲ.

ಮೊದಲ ದಿನ ಬಸ್ಸು ಹತ್ತಿದಳು. ಕಮಾನು ಕಂಡಾಗ ಎದ್ದು ನಿಂತು ಕೂಗಿದಳು: "ಏ ತಮ್ಮಾ, ನಿಲ್ಲಸೋ, ಇಳೀಬೇಕು."

ಕಂಡಕ್ಟರ್ ಇಮಾಮಹುಸೇನ ತಲೆ ಎತ್ತಲಿಲ್ಲ. "ಇಲ್ಲಿ ಸ್ಟಾಪ್ ಇಲ್ಲಬೇ ಯವ್ವಾ. ಇದೇನು ನಿಮ್ಮಪ್ಪನ ಟಾಂಗಾ ಅಂತ ತಿಳದೀಯೇನು?"

"ಟಾಂಗಾ ಆಗಿದ್ರ ಚಲೋ ಇತ್ತು. ಕುದರೀಗರ ಬುದ್ಧಿ ಇರತೈತಿ, ಮನಶ್ಯಾರನ್ನ ಕಂಡು ನಿಲ್ಲತೈತಿ."

ಬಸ್ಸು ನಕ್ಕಿತು, ನಿಲ್ಲಲಿಲ್ಲ. ಮುಂದಿನ ಹಳ್ಳಿಯಲ್ಲಿ ಇಳಿದು ಎರಡು ಮೈಲಿ ಹಿಂದಕ್ಕೆ ನಡೆದಳು. ಮರುದಿನದಿಂದ ಟಿಕೀಟಿನ ದುಡ್ಡಾದರೂ ಉಳಿಯಲೆಂದು ಇಳಕಲ್ಲಿನಿಂದಲೇ ನಡೆದಳು. ಹೋಗುವ ಬರುವ ಹೊತ್ತಿನಲ್ಲಿ, ಬಿಸಿಲು ಇಳಿಯಲೆಂದು ಕಾಯುವುದರಲ್ಲಿ ಎರಡು ಕೊಂಡಿ ಸವೆದುಹೋದವು. ದಿನಕ್ಕೆ ಮೂರಿದ್ದದ್ದು ಒಂದಾಯಿತು. ಮೂರು ಹೊತ್ತಿನ ರೊಟ್ಟಿಗೂ ಅದೇ ಗತಿ.

ಅವಳೇ ಬಸ್ಸಿನ ಡಿಪೋಗೆ ಹೋದಳು. ಅಲ್ಲಿಯವರು ಕಾನೂನು ಹೇಳಿದರು: ಒಂದು ದಿನ ಇನ್‌ಸ್ಪೆಕ್ಟರ್ ಬಂದು ಕೂತು ಎಣಿಸುತ್ತಾರೆ, ಆ ದಿನ ಬಸ್ಸುಗಳೆಲ್ಲ ಅಲ್ಲಿ ನಿಲ್ಲುತ್ತವೆ, ಇಪ್ಪತ್ತೈದು ಮಂದಿ ಹತ್ತಿ ಇಳಿದರೆ ಕಾಯಂ ನಿಲುಗಡೆ. ಅರ್ಜಿ ಮಾತ್ರ ಸಂಘದ ಅಧ್ಯಕ್ಷರಿಂದ ಬರಬೇಕು, ದಿನವನ್ನೂ ಅವರೇ ಗೊತ್ತು ಮಾಡಬೇಕು. ಸಕ್ರವ್ವ ಮೂವತ್ತೆರಡು ಮನೆಗಳ ಹೆಬ್ಬೆಟ್ಟು ಒತ್ತಿಸಿ ಅಮಾತೆಪ್ಪನವರ ಕೈಗೆ ಕೊಟ್ಟು ಬಂದಳು. ಇಪ್ಪತ್ತೈದು ಏನು ದೊಡ್ಡದು? ನೂಲು ತರಲು, ಸೀರೆ ಕೊಡಲು, ಹಿಟ್ಟು ಬೀಸಲು ದಿನಾ ನಲವತ್ತು ಮಂದಿ ಊರಿಗೆ ನಡೆಯುತ್ತಿದ್ದರು.

ಇನ್‌ಸ್ಪೆಕ್ಟರು ಬಂದರು. ಬೆಳಗಿನಿಂದ ಸಂಜೆಯವರೆಗೆ ಕಮಾನಿನ ನೆರಳು ಸರಿದ ಕಡೆಗೆಲ್ಲ ಕುರ್ಚಿ ಸರಿಸಿಕೊಂಡು ಕೂತರು. ಹತ್ತಿದವರು ಯಾರೂ ಇಲ್ಲ. ಇಳಿದವನು ಒಬ್ಬನೇ, ರಾಮಥಾಳಕ್ಕೆ ಹೋಗಬೇಕಾದವನು, ನಿದ್ದೆಗಣ್ಣಿನಲ್ಲಿ ಇಳಿದಿದ್ದ. ಅವನೂ ಅಲ್ಲಿದ್ದವರಿಗೆಲ್ಲ ಬೈಯುತ್ತ ಮುಂದಿನ ಬಸ್ಸಿಗೆ ಓಡಿದ. 'ಪ್ರಯಾಣಿಕರಿಲ್ಲ' ಎಂದು ವರದಿ ಹೋಯಿತು.

ಅಂದು ಅಮಾವಾಸ್ಯೆ.

ಅಮಾವಾಸ್ಯೆಯ ದಿನ ಇಳಕಲ್ಲಿನಲ್ಲಿ ಮಗ್ಗ ಮಲಗುತ್ತದೆ. ಲಾಳಿ ಮುಟ್ಟುವುದಿಲ್ಲ, ನೂಲು ಕೊಳ್ಳುವುದಿಲ್ಲ, ಸೀರೆ ಕೊಡುವುದಿಲ್ಲ. ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ ಗುಡಿಸಿ, ಪೂಜೆ ಮಾಡಿ, ಹೋಳಿಗೆ ಉಂಡು ಮಲಗುತ್ತಾರೆ. ಮೂವತ್ತೆರಡು ಮನೆಯವರೂ ಅದನ್ನೇ ಮಾಡಿದ್ದರು. ಎಣಿಸುವವರು ಬರುವ ಸುದ್ದಿಯನ್ನೂ ಯಾರೂ ಅವರಿಗೆ ಮುಟ್ಟಿಸಿರಲಿಲ್ಲ.

ಸುದ್ದಿ ತಿಳಿದ ಸಕ್ರವ್ವ ಅಮಾತೆಪ್ಪನವರ ಕಟ್ಟೆಗೆ ಹೋದಳು. ಅವರು ನಾಲ್ಕು ಮಂದಿಯ ನಡುವೆ ಚಹಾ ಕುಡಿಯುತ್ತಿದ್ದರು.

"ಅಮಾಸಿ ದಿನಾ ಯಾಕ ಕರಸಿದ್ರಿ ಸಾವ್ಕಾರ್ರ?"

"ರವಿವಾರ ಸೂಟಿ ಇರತೈತಿ ಅಂತ ಬುಧವಾರ ಹೇಳಿದ್ನಿ. ಅಮಾಸಿ ಬಂದಿದ್ದು ನೆನಪಾಗಲಿಲ್ಲ. ಅಷ್ಟಕ್ಕ ಹಿಂಗ್ಯಾಕ ಮೈಮ್ಯಾಲ ಬರ್ತೀ?"

"ನಿಮ್ಮಪ್ಪಾರ ಮಗ್ಗಕ್ಕ ನಾನ ಕೊಂಡಿ ಹಾಕೀನಿ. ಅಮಾಸಿ ದಿನಾ ಅವರು ಲಾಳಿ ಕಡೆ ತಿರುಗಿ ನೋಡ್ತಿದ್ದಿಲ್ಲ. ನಿಮಗ ಅಮಾಸೀನ ನೆನಪಿಲ್ಲಂದ್ರ ನೇಕಾರ್ರ ಅಧ್ಯಕ್ಷ ಹೆಂಗ ಆದ್ರಿ? ಸುಳ್ಳ ಹೇಳಾಕ ಮತ್ತೊಂದು ದಿನಾ ಸಿಗಲಿಲ್ಲೇನು?"

"ಏ, ನಾಲಿಗಿ ಬಿಗಿ ಹಿಡಿ! ನಡದ್ರ ಕಾಲು ಸವಿತಾವೇನು ನಿನ್ನವು?"

"ನನ್ನ ಕಾಲಿನ ಮಾತು ಬಿಡ್ರಿ. ಬಸ್ಸು ನಿಲ್ಲೂ ತನಕ ಅವು ನಿಮ್ಮ ನಗರದಾಗ ಬೀಳಂಗಿಲ್ಲ."

ಕಟ್ಟೆಯ ಮೇಲಿದ್ದವರು ನಕ್ಕರು. ಅಮಾತೆಪ್ಪನವರು ಇನ್ನೊಂದು ಚಹಾ ಹೇಳಿದರು.

ನೇಕಾರ ನಗರದಲ್ಲಿ ಸೀರೆಯ ಮೈ ತಯಾರಾಗುತ್ತಿತ್ತು, ಸೆರಗಿಲ್ಲ. ಊರಿನ ಬೇರೆ ಕೊಂಡಿಯವರೂ ಬಿಸಿಲಲ್ಲಿ ಮೂರು ಮೈಲಿ ನಡೆಯಲು ಒಪ್ಪಲಿಲ್ಲ. ಎರಡು ತಿಂಗಳು ಕಾದ ಮೇಲೆ ದುರ್ಗಪ್ಪನೆಂಬ ನೇಕಾರ ಸಕ್ರವ್ವನ ಬಾಗಿಲಿಗೆ ಬಂದ.

"ಯಕ್ಕಾ, ಸಿಟ್ಟು ಅವರ ಮ್ಯಾಲ. ಹೊಡತ ನಮಗ್ಯಾಕ?"

ಅದು ಸಕ್ರವ್ವನಿಗೂ ತಾಕುವ ಮಾತಾಗಿತ್ತು. ಎದ್ದು ಪಡಸಾಲೆಯಲ್ಲಿದ್ದ ಜೋಳದ ಚೀಲಗಳನ್ನು ತಾನೇ ಎಳೆದು ಬದಿಗಿಟ್ಟಳು. "ನಾ ಅಲ್ಲಿಗೆ ಬರಾಕ ಆಗೂದಿಲ್ಲ. ನಿನ್ನ ಮಗ್ಗಕ್ಕ ಬರಾಕ ಆಕ್ಕೈತಿಲ್ಲೋ? ಇಲ್ಲೇ ಕುಣಿ ತೋಡು."

ಆಕೆಯ ಪಡಸಾಲೆಯಲ್ಲಿ ಎರಡು ಮಗ್ಗ ಕೂತವು. ಓಣಿಯಲ್ಲಿ ಕೆಡವದೆ ಉಳಿದಿದ್ದ ಬೇರೆಯವರ ಮನೆಗಳಲ್ಲಿ ಒಂಬತ್ತು. ಕೂರಲು ಜಾಗವಿಲ್ಲದ ಉಳಿದವರಲ್ಲಿ ಕೆಲವರು ಮಗ್ಗ ಮಾರಿ ವಿದ್ಯುತ್ ಮಗ್ಗಗಳ ಕೂಲಿಗೆ ಹೋದರು, ಕೆಲವರು ಬಾಗಲಕೋಟೆಯ ಕಡೆ ಹೋದರು. ಅವರ ಹೆಸರು ಬಂದಾಗಲೆಲ್ಲ ಸಕ್ರವ್ವ ಎದ್ದು ಒಳಗೆ ಹೋಗುತ್ತಿದ್ದಳು. ನೇಕಾರ ನಗರದ ಮನೆಗಳಲ್ಲಿ ಅಮಾತೆಪ್ಪನವರ ಹತ್ತಿಕಟ್ಟಿಗೆ, ಮೇವು, ಎಮ್ಮೆಗಳು ತುಂಬಿದವು. ಗಾಳಿ ಬೆಳಕು ಎಮ್ಮೆಗಳಿಗೆ ದಕ್ಕಿತು.

೧೯೮೪ರಲ್ಲಿ ಕಮಾನಿನ ಪಕ್ಕ ಅಮಾತೆಪ್ಪನವರ ಅಳಿಯ ಖಾನಾವಳಿ ತೆರೆದ. ಒಂದೇ ವಾರದಲ್ಲಿ ನಿಲುಗಡೆ ಮಂಜೂರಾಯಿತು. ಈ ಸಲ ಯಾರೂ ಕೂತು ಎಣಿಸಲಿಲ್ಲ.

ಆ ತಿಂಗಳು ಸಕ್ರವ್ವ ತಂಗಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹುನಗುಂದಕ್ಕೆ ಹೊರಟಿದ್ದಳು. ಕಮಾನಿನ ಮುಂದೆ ಬಸ್ಸು ತಾನಾಗಿಯೇ ನಿಂತಿತು. ಕೂದಲು ನರೆತ ಇಮಾಮಹುಸೇನ ಕೂಗಿದ: "ನೇಕಾರ ನಗರ! ಯಾರರೆ ಇಳಿಯವ್ರು?"

ಸಕ್ರವ್ವ ಎದ್ದಳು.

"ನಿನ್ನ ಟಿಕೀಟು ಹುನಗುಂದದ್ದೈತೆಲ್ಲಬೇ ಯವ್ವಾ."

"ಐತಿ. ಏಳು ವರ್ಷದ ಮ್ಯಾಲ ನಿಂತೈತಿ ನಿನ್ನ ಬಸ್ಸು, ಒಂದೀಟು ನಿಲ್ಲಲಿ."

ಮೆಟ್ಟಿಲು ಹಿಡಿದು ನಿಧಾನವಾಗಿ ಇಳಿದಳು. ಕಮಾನಿನ ತನಕ ನಡೆದಳು, ಸರಿಯಾಗಿ ಹತ್ತು ಹೆಜ್ಜೆ. ತಲೆ ಎತ್ತಿ ಅಲ್ಲಿದ್ದ ಹೆಸರನ್ನು ನೋಡಿದಳು. ಓದಲು ಬರುತ್ತಿರಲಿಲ್ಲ, ಯಾರದೆಂದು ಗೊತ್ತಿತ್ತು. ಊರಿನಿಂದ ಅಗಿಯುತ್ತ ಬಂದಿದ್ದ ಎಲೆ ಅಡಿಕೆಯನ್ನೆಲ್ಲ ಬಾಯಿ ತುಂಬ ಕೂಡಿಸಿ, ಸುಣ್ಣ ಬಳಿದ ಕಂಬದ ಬುಡಕ್ಕೆ ಉಗುಳಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ಬಂದು ಬಸ್ಸು ಹತ್ತಿದಳು.

"ಆತೇನಬೇ?" ಎಂದ ಇಮಾಮಹುಸೇನ.

"ಆತು. ನಡಿ."