ತಾತನ ಉಗಿ ಎಂಜಿನ್ನು ಎಲ್ಲಿಯದು?

ಗೆಳೆಯರೇ, ನಾಗಮಂಗಲದ ನಮ್ಮ ಮನೆಯ ಅಟ್ಟದಿಂದ ಇವತ್ತು ತಾತನ ಪುಟ್ಟ ಉಗಿ ಎಂಜಿನ್ನು ಇಳಿಸಿದೆವು. ಕಮ್ಮಾರರಾಗಿದ್ದ ತಾತ ಅದು ಎಲ್ಲಿಯದೆಂದು ಯಾರಿಗೂ ಹೇಳಿರಲಿಲ್ಲ.

“ಇಂಗ್ಲೆಂಡಿಂದು ಕಣ್ಲಾ. ಮಸಿ ಕೆಳ್ಗೆ ಕಂಪ್ನಿ ಹೆಸ್ರು ಕೆತ್ತವ್ರೆ ನೋಡು” ಎಂದ ಅಣ್ಣ.

ಹಿತ್ತಾಳೆಯ ಬಾಯ್ಲರಿಗೆ ಹುಣಸೆಹಣ್ಣು ಹಚ್ಚಿ ಉಜ್ಜಿದೆ. ಕನ್ನಡ ಅಕ್ಷರ ಕಾಣಿಸಿತು: ಪುಟ್ಟತಾಯಮ್ಮ. ನಮ್ಮ ಅಜ್ಜಿಯ ಹೆಸರು! ಅಜ್ಜಿಯನ್ನು ಕರೆದು ತೋರಿಸಿದೆವು.

“ಅಯ್ಯೋ, ನಮ್ಮವ್ವ ಮದ್ವೇಲಿ ಕೊಟ್ಟಿದ್ದ ತಂಬಿಗೆ! ಕಳ್ರು ಒತ್ಕೊಂಡೋದ್ರು ಅಂದಿದ್ರು ನಿಮ್ ತಾತ!”

ತಂಬಿಗೆಯ ಬಾಯಿಗೆ ಬೆಸುಗೆ ಹಾಕಿ ಎಂಜಿನ್ನು ಮಾಡಿದವರು ತಾತನೇ ಎಂದು ಆಗ ಗೊತ್ತಾಯಿತು. ನಮಗೆ ಹೆಮ್ಮೆಯೋ ಹೆಮ್ಮೆ.

ಸಂಜೆ ತಾತನ ಫೋಟೊಗೆ ಹೂ ಇಡಲು ಹೋದೆ.

“ಇವತ್ತೊಂದಿನ ಬ್ಯಾಡ, ಬುಡ್ಲಾ” ಎಂದರು ಅಜ್ಜಿ.